ಮೇಜಿಗೆ ಮೊದಲು ಬರುವ ನೀರು

ನಮ್ಮ ಕಡೆಯ ಹಳೇ ಹೋಟೆಲುಗಳಲ್ಲಿ ಕೂತ ತಕ್ಷಣ ಬರುವುದು ನೀರು. ಏನು ಬೇಕು ಅಂತ ಕೇಳುವ ಮೊದಲೇ ಸಪ್ಲೈಯರ್ ಒಂದೇ ಕೈಯಲ್ಲಿ ನಾಲ್ಕು ಸ್ಟೀಲ್ ಲೋಟ ಹಿಡಿದು ತಂದು ಟಕ್ ಅಂತ ಇಟ್ಟು ಹೋಗುತ್ತಾನೆ. ಆ ನೀರನ್ನು ನಾವು ಕೇಳಿರುವುದಿಲ್ಲ. ಅದು ಬಿಲ್ಲಿನಲ್ಲೂ ಇರುವುದಿಲ್ಲ. ಬಿಸಿಲಲ್ಲಿ ಬಂದವರು ಒಂದು ಲೋಟ ಕುಡಿದು ಹಾಗೇ ಎದ್ದು ಹೋದರೂ ಯಾರೂ ಏನೂ ಅನ್ನುವುದಿಲ್ಲ.

ಹೊರದೇಶದ ಊಟದ ಮಾತು ಬಂದರೆ ಜನ ಖಾರ ಇಲ್ಲ, ಉಪ್ಪಿಲ್ಲ, ಕೈಯಲ್ಲಿ ತಿನ್ನೋ ಹಾಗಿಲ್ಲ ಅಂತ ಶುರು ಮಾಡುತ್ತಾರೆ. ನಾನು ಕೆಲವು ವರ್ಷ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೆ. ಕೆಲಸದ ಮೇಲೆ ಬೇರೆ ಊರುಗಳಿಗೂ ಓಡಾಡಿದೆ. ಖಾರ, ಉಪ್ಪಿನ ವ್ಯತ್ಯಾಸ ಬೇಗ ಅಭ್ಯಾಸವಾಯಿತು. ನನ್ನ ತಲೆಯಲ್ಲಿ ಉಳಿದಿರುವುದು ನೀರು. ಎಲ್ಲಿ ಕೇಳದೇ ಬರುತ್ತದೆ, ಎಲ್ಲಿ ಕೇಳಿದರೆ ಬರುತ್ತದೆ, ಎಲ್ಲಿ ದುಡ್ಡು ಕೊಟ್ಟರೆ ಮಾತ್ರ ಬರುತ್ತದೆ, ಬಿಸಿಯೋ ತಣ್ಣಗೋ, ಗುಳ್ಳೆ ಇದೆಯೋ ಇಲ್ಲವೋ. ಇದನ್ನು ಗಮನಿಸುತ್ತಾ ಹೋದರೆ ಆ ಊರು ಹಿಂದೆ ಏನೇನು ಕಂಡಿದೆ ಅನ್ನುವುದೂ ತಿಳಿಯುತ್ತಾ ಹೋಗುತ್ತದೆ.

ಜರ್ಮನಿಯಲ್ಲಿ ಹೋಟೆಲಿಗೆ ಹೋದರೆ ಮೊದಲು ಕೇಳುವುದು ಕುಡಿಯಲು ಏನು ಅಂತ. ನೀರು ಅಂದರೆ ಅಲ್ಲಿಗೆ ಮುಗಿಯುವುದಿಲ್ಲ. ಗ್ಯಾಸ್ ಇರುವುದೋ, ಇಲ್ಲದ್ದೋ? ಸಣ್ಣ ಬಾಟಲೋ, ದೊಡ್ಡದೋ? ಯಾವುದು ಹೇಳಿದರೂ ಬಿಲ್ಲಿಗೆ ಸೇರುತ್ತದೆ. ನಲ್ಲಿ ನೀರು ಕೊಡಿ ಅಂತ ಕೇಳಬಹುದು, ಆದರೆ ಕೊಡಲೇಬೇಕು ಅಂತ ಕಾನೂನಿಲ್ಲ. ಕೆಲವರು ಕೊಡುತ್ತಾರೆ, ಕೆಲವರಿಗೆ ಅದು ಇಷ್ಟವಾಗುವುದಿಲ್ಲ. ಅಲ್ಲಿನ ಹೋಟೆಲಿನವರಿಗೆ ಲಾಭ ಸಿಗುವುದು ಹೆಚ್ಚಾಗಿ ಕುಡಿಯುವ ಪದಾರ್ಥಗಳಲ್ಲೇ. ಊಟದ ಬೆಲೆ ಹಿಡಿತದಲ್ಲಿರುವುದೂ ಅದರಿಂದಲೇ. ನೀರು ಬಿಟ್ಟಿ ಕೊಟ್ಟರೆ ಆ ಲೆಕ್ಕ ತಪ್ಪುತ್ತದೆ. ಬಿಯರ್‌ಗೆ ಹೆಸರಾದ ಆ ದೇಶದಲ್ಲಿ ಇನ್ನೊಂದು ಕಾನೂನಿದೆ. ಮದ್ಯ ಮಾರುವ ಹೋಟೆಲಿನಲ್ಲಿ ಮದ್ಯವಿಲ್ಲದ ಒಂದು ಪಾನೀಯವಾದರೂ ಅತಿ ಅಗ್ಗದ ಮದ್ಯಕ್ಕಿಂತ ದುಬಾರಿ ಇರಬಾರದು. ಅಗ್ಗ ಅನ್ನುವ ಒಂದೇ ಕಾರಣಕ್ಕೆ ಯಾರೂ ಬಿಯರ್ ಕುಡಿಯುವಂತೆ ಆಗಬಾರದು ಅನ್ನುವುದು ಉದ್ದೇಶ. ನೀರಿಗೆ ಬೆಲೆ ಇರುವ ದೇಶದಲ್ಲಿ ಇಂಥ ಕಾನೂನೂ ಬೇಕಾಗುತ್ತದೆ.

ಅಚ್ಚರಿ ಏನೆಂದರೆ ಮ್ಯೂನಿಕ್‌ನ ನಲ್ಲಿ ನೀರು ತುಂಬಾ ಒಳ್ಳೆಯದು. ಆಲ್ಪ್ಸ್ ಬೆಟ್ಟಗಳ ಬುಡದಲ್ಲಿರುವ ಮಾಂಗ್‌ಫಾಲ್ ಕಣಿವೆಯಿಂದ 1883ರಿಂದ ಆ ಊರಿಗೆ ನೀರು ಹರಿದು ಬರುತ್ತಿದೆ. ನಲ್ಲಿಗೆ ಲೋಟ ಹಿಡಿದು ಹಾಗೇ ಕುಡಿಯಬಹುದು. ಆದರೂ ಪಕ್ಕದ ಮನೆಯ ಅಜ್ಜ ವಾರ ವಾರ ಕ್ರೇಟುಗಟ್ಟಲೆ ಗುಳ್ಳೆ ನೀರು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಒಂದು ಕ್ರೇಟಿಗೆ ಹನ್ನೆರಡು ಗಾಜಿನ ಬಾಟಲು. ಮೇಲುಭಾಗದಲ್ಲಿ ಮುತ್ತಿನಂತೆ ಚುಕ್ಕಿ ಚುಕ್ಕಿ ಉಬ್ಬಿರುವ ಆ 0.7 ಲೀಟರ್ ಬಾಟಲನ್ನು ವಿನ್ಯಾಸ ಮಾಡಿದ್ದು ಗುಂಟರ್ ಕುಪೆಟ್ಜ್, 1969ರಲ್ಲಿ. ಬೇರೆ ಬೇರೆ ಕಂಪನಿಗಳು ಅದೇ ಬಾಟಲನ್ನು ಬಳಸುತ್ತವೆ. ಖಾಲಿ ಬಾಟಲು ವಾಪಸು ಕೊಟ್ಟರೆ ಠೇವಣಿ ದುಡ್ಡು ಸಿಗುತ್ತದೆ. ತೊಳೆದು ಮತ್ತೆ ತುಂಬಿಸುತ್ತಾರೆ.

ನಲ್ಲಿಯಲ್ಲಿ ಅಷ್ಟು ಒಳ್ಳೇ ನೀರು ಬರುವಾಗ ಇದೆಲ್ಲ ಯಾಕೆ? ನನಗೆ ಅರ್ಥವಾದದ್ದು ಇಷ್ಟು. ಯೂರೋಪಿನಲ್ಲಿ ನೆಲದಿಂದ ತಾನಾಗಿ ಗುಳ್ಳೆ ಏಳುವ ಚಿಲುಮೆಗಳು ಬಹಳ ಇವೆ. ಜನ ಅದನ್ನು ಔಷಧಿ ಅಂತ ಕುಡಿದರು. ಕಾಯಿಲೆ ಬಿದ್ದವರು ಆ ಊರುಗಳಿಗೆ ಹೋಗಿ ವಾರಗಟ್ಟಲೆ ಉಳಿದರು. ಜರ್ಮನಿಯ ನೀಡರ್‌ಸೆಲ್ಟರ್ಸ್ ಎಂಬ ಹಳ್ಳಿಯ ನೀರು ಮಣ್ಣಿನ ಜಾಡಿಗಳಲ್ಲಿ ತುಂಬಿ ದೂರ ದೂರಕ್ಕೆ ಹೋಗುತ್ತಿತ್ತು. ಆಗ ಪಟ್ಟಣದ ಬಾವಿ, ಹೊಳೆಗಳ ನೀರನ್ನು ನಂಬುವ ಹಾಗಿರಲಿಲ್ಲ. ಗುಳ್ಳೆ ಇದ್ದರೆ ಅದು ಚಿಲುಮೆಯ ನೀರೇ ಅನ್ನುವ ಧೈರ್ಯ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜೋಸೆಫ್ ಪ್ರೀಸ್ಟ್ಲಿ ನೀರಿಗೆ ಗುಳ್ಳೆ ಏಳಿಸುವ ಅನಿಲವನ್ನು ಕೈಯಾರೆ ಬೆರೆಸುವುದನ್ನು ಕಂಡುಹಿಡಿದರು. ಅವರ ಮನೆ ಪಕ್ಕದಲ್ಲೇ ಬಿಯರ್ ತಯಾರಿಸುವ ಜಾಗವಿತ್ತು, ಅನಿಲ ಸಿಕ್ಕಿದ್ದು ಅಲ್ಲಿಂದ. ಮುಂದೆ 1872ರಲ್ಲಿ ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ ಗೋಲಿಯಿಂದಲೇ ಬಾಯಿ ಮುಚ್ಚಿಕೊಳ್ಳುವ ಬಾಟಲಿಗೆ ಪೇಟೆಂಟ್ ಪಡೆದರು. ಅದೇ ನಮ್ಮ ಗೋಲಿ ಸೋಡಾ. ನಿಂಬೆಹಣ್ಣು, ಉಪ್ಪು ಹಾಕಿಸಿಕೊಂಡು ಜಾತ್ರೆಯಲ್ಲಿ ನಾವು ಕುಡಿದ ಗುಳ್ಳೆಯೂ ಜರ್ಮನ್ ಅಜ್ಜನ ಕ್ರೇಟಿನ ಗುಳ್ಳೆಯೂ ಒಂದೇ ಮನೆತನದ್ದು. ನಮಗೆ ಅದು ಜಾತ್ರೆಯ ಖುಷಿ, ಅವರಿಗೆ ದಿನದ ನೀರು.

ಇಷ್ಟು ಕೇಳಿ ಜರ್ಮನ್ನರು ಜಿಪುಣರು ಅಂತ ಯಾರೂ ಅಂದುಕೊಳ್ಳಬಾರದು. ಅವರ ಮನೆಗೆ ಹೋಗಿ ನೋಡಿ. ಮೇಜಿನ ಮೇಲೆ ನೀರಿನ ಬಾಟಲು, ಲೋಟ ಮೊದಲೇ ಇಟ್ಟಿರುತ್ತಾರೆ. ಕೋಟು ತೆಗೆದು ಕೂರುವಷ್ಟರಲ್ಲಿ ಬಗ್ಗಿಸಿ ಕೊಡುತ್ತಾರೆ. ಆಫೀಸಿನ ಮೀಟಿಂಗಿನಲ್ಲೂ ಅಷ್ಟೇ. ದುಡ್ಡಿನ ಲೆಕ್ಕ ಹೋಟೆಲಿನದ್ದು.

ರೈಲಿನಲ್ಲಿ ಕೆಲವು ಗಂಟೆ ಹೋದರೆ ವಿಯೆನ್ನಾ. ಅಲ್ಲಿಯೂ ಜರ್ಮನ್ ಭಾಷೆಯೇ, ಆದರೆ ನೀರಿನ ರೀತಿ ಬೇರೆ. ಕಾಫಿ ಹೌಸಿನಲ್ಲಿ ಕಾಫಿ ಹೇಳಿದರೆ ಸಣ್ಣ ತಟ್ಟೆಯಲ್ಲಿ ಕಾಫಿ ಕಪ್ಪು, ಪಕ್ಕದಲ್ಲಿ ಒಂದು ಲೋಟ ನೀರು, ಲೋಟದ ಮೇಲೆ ಅಡ್ಡವಾಗಿ ಚಮಚ. ಒಂದು ಕಾಫಿ ಇಟ್ಟುಕೊಂಡು ಎರಡು ಗಂಟೆ ಪೇಪರ್ ಓದುತ್ತಾ ಕೂತರೂ ನಡೆಯುತ್ತದೆ. ಒಳ್ಳೆಯ ಕಾಫಿ ಹೌಸಾದರೆ ನೀರಿನ ಲೋಟ ಖಾಲಿಯಾದಾಗ ಮತ್ತೊಂದು ತಂದಿಡುತ್ತಾರೆ. ಊರಿನವರಿಗೆ ತಮ್ಮ ನೀರಿನ ಬಗ್ಗೆ ಅಷ್ಟು ಹೆಮ್ಮೆ. ಅದಕ್ಕೆ ಕಾರಣವೂ ಇದೆ. ಕಾಲರಾ, ಟೈಫಾಯ್ಡ್ ಆ ಊರನ್ನು ಬಹಳ ಕಾಡಿದ್ದವು. ಎಡ್ವರ್ಡ್ ಸ್ಯೂಸ್ ಎಂಬ ಭೂವಿಜ್ಞಾನಿ ಬೆಟ್ಟದ ಚಿಲುಮೆ ನೀರನ್ನು ಊರಿಗೆ ತರೋಣ ಅಂತ ಹಟ ಹಿಡಿದರು. ಸುಮಾರು 90 ಕಿಲೋಮೀಟರ್ ಕಾಲುವೆ ಕಟ್ಟಿ 1873ರಲ್ಲಿ ನೀರು ತಂದರು. ಇಳಿಜಾರಿನಲ್ಲಿ ತಾನೇ ಹರಿದು ಬರುವ ನೀರು, ಪಂಪ್ ಬೇಕಿಲ್ಲ. ಕಾಫಿ ಜೊತೆಗಿನ ಆ ಲೋಟದ ಹಿಂದೆ ಇಷ್ಟು ಕೆಲಸವಿದೆ.

ಪ್ಯಾರಿಸ್‌ನಲ್ಲಿ ಕೇಳಬೇಕು. 'ಒಂದು ಹೂಜಿ ನೀರು' ಅಂದರೆ ನಲ್ಲಿ ನೀರು ತುಂಬಿದ ಗಾಜಿನ ಹೂಜಿ ಬರುತ್ತದೆ, ದುಡ್ಡಿಲ್ಲ. ಸುಮ್ನೆ 'ನೀರು' ಅಂದರೆ ಬಾಟಲು ಬರುವ ಸಾಧ್ಯತೆ ಜಾಸ್ತಿ. 2022ರಿಂದ ಅಲ್ಲಿ ಕುಡಿಯುವ ನೀರು ಉಚಿತವಾಗಿ ಸಿಗುತ್ತದೆ ಅನ್ನುವುದನ್ನು ಹೋಟೆಲಿನವರು ಗಿರಾಕಿಗೆ ಕಾಣುವಂತೆ ತಿಳಿಸಲೇಬೇಕು. ಊರಿನ ಬೀದಿಗಳಲ್ಲಿ ಕಡು ಹಸಿರು ಬಣ್ಣದ, ನಾಲ್ಕು ಹೆಣ್ಣು ವಿಗ್ರಹಗಳು ಹೊತ್ತು ನಿಂತ ಕಬ್ಬಿಣದ ಕಾರಂಜಿಗಳಿವೆ. ಯುದ್ಧ, ಮುತ್ತಿಗೆಯಿಂದ ಊರು ಹಣ್ಣಾಗಿ, ಬಡವರಿಗೆ ಕುಡಿಯಲು ಒಳ್ಳೆಯ ನೀರು ಸಿಗದೇ ಇದ್ದಾಗ, ಅಲ್ಲಿಯೇ ನೆಲೆಸಿದ್ದ ರಿಚರ್ಡ್ ವಾಲೆಸ್ ಎಂಬ ಇಂಗ್ಲಿಷ್ ಶ್ರೀಮಂತ 1872ರಿಂದ ಅವನ್ನು ಹಾಕಿಸಿದರು. ಮೊದಲು ಸರಪಳಿಗೆ ಕಟ್ಟಿದ ಲೋಟಗಳೂ ಇದ್ದವಂತೆ. ರೋಮ್‌ನಲ್ಲಿ ಹೋಟೆಲಿನ ನೀರಿಗೆ ದುಡ್ಡು, ಬೀದಿಯ ನೀರಿಗೆ ಇಲ್ಲ. ಮೂಗಿನಂತೆ ಬಾಗಿದ ನಳಿಗೆಯ ಸುಮಾರು 2,500 ಕಾರಂಜಿಗಳು ಊರ ತುಂಬಾ ಹರಿಯುತ್ತಿರುತ್ತವೆ. ಬೆರಳಿಂದ ನಳಿಗೆಯ ಬಾಯಿ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ನೇರ ಬಾಯಿಗೆ ಬರುತ್ತದೆ.

ಅಮೆರಿಕದಲ್ಲಿ ನೀರು ಕೇಳದೇ ಬರುತ್ತದೆ, ನಮ್ಮ ಹಾಗೆಯೇ. ಆದರೆ ಲೋಟದ ತುಂಬಾ ಐಸು. ಹೊರಗೆ ಹಿಮ ಬೀಳುತ್ತಿದ್ದರೂ ಐಸು. ಇದರ ಹಿಂದೆ ಬಾಸ್ಟನ್‌ನ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಇದ್ದಾರೆ. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಐಸನ್ನು ಕೊಯ್ದು, 1806ರಲ್ಲೇ ಹಡಗಿನಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಕಳಿಸಿದರು. ಐಸು ಅಗ್ಗವಾಗುತ್ತಾ ಬಂದ ಹಾಗೆ ಅದು ಎಲ್ಲರ ಲೋಟಕ್ಕೂ ಬಂತು. 1833ರಲ್ಲಿ ಅವರ ಹಡಗು ಬಾಸ್ಟನ್‌ನಿಂದ ಹೊರಟು ನಾಲ್ಕು ತಿಂಗಳ ಮೇಲೆ ಕಲ್ಕತ್ತಾ ತಲುಪಿತು. ದಾರಿಯಲ್ಲಿ ಕರಗಿ ಹೋದದ್ದು ಹೋಗಿ ಅರ್ಧಕ್ಕಿಂತ ಹೆಚ್ಚು ಐಸು ಉಳಿದಿತ್ತು! ಮದ್ರಾಸಿನಲ್ಲಿ ಅಮೆರಿಕದ ಐಸು ತುಂಬಿಡಲು ಕಡಲ ದಂಡೆಯಲ್ಲಿ ಕಟ್ಟಿದ ಕಟ್ಟಡ ಇವತ್ತಿಗೂ ಇದೆ. 1897ರಲ್ಲಿ ವಿವೇಕಾನಂದರು ಉಳಿದುಕೊಂಡಿದ್ದರಿಂದ ಈಗ ಅದು ಅವರ ಹೆಸರಿನಲ್ಲಿದೆ. ಆಟೋದವರಿಗೆ ಐಸ್ ಹೌಸ್ ಅಂದರೂ ಸಾಕು.

ಚೀನಾದವರಿಗೆ ತಣ್ಣೀರು ಅಂದರೆ ಆಗುವುದಿಲ್ಲ. ನಮ್ಮ ಆಫೀಸಿನಲ್ಲಿದ್ದ ಚೀನೀ ಗೆಳತಿ ಮೇ ತಿಂಗಳ ಬಿಸಿಲಿನಲ್ಲೂ ಫ್ಲಾಸ್ಕಿನಲ್ಲಿ ಕುದಿಸಿದ ನೀರು ತುಂಬಿಕೊಂಡೇ ಬರುತ್ತಿದ್ದಳು. ಅವರ ರೈಲುಗಳಲ್ಲಿ, ನಿಲ್ದಾಣಗಳಲ್ಲಿ ಕುದಿನೀರಿನ ನಲ್ಲಿ ಇರುತ್ತದೆ. ಬಿಸಿನೀರು ಹೊಟ್ಟೆಗೆ ಒಳ್ಳೆಯದು ಅನ್ನುವ ಹಳೇ ವೈದ್ಯದ ಮಾತು ಇದ್ದೇ ಇತ್ತು. 1952ರಲ್ಲಿ ಶುರುವಾದ ಸರ್ಕಾರದ ಆರೋಗ್ಯ ಚಳವಳಿ, ನೀರನ್ನು ಕುದಿಸಿಯೇ ಕುಡಿಯಬೇಕು ಅನ್ನುವುದನ್ನು ಮನೆ ಮನೆಗೆ ಮುಟ್ಟಿಸಿತು. ಅವಳ ಫ್ಲಾಸ್ಕ್ ನೋಡಿದಾಗೆಲ್ಲ ನನಗೆ ನಮ್ಮಮ್ಮನ ಜೀರಿಗೆ ನೀರಿನ ನೆನಪಾಗುತ್ತಿತ್ತು. ಇಬ್ಬರೂ ಒಂದೇ ಮಾತು ಹೇಳುತ್ತಿದ್ದರು, ತಣ್ಣಗಿರೋದು ಕುಡೀಬೇಡ, ಗಂಟಲು ಕಟ್ಟುತ್ತೆ ಅಂತ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಶಿರಸಿ ಕಡೆಯ ನಮ್ಮ ಅಜ್ಜಿ ಮನೆಯಲ್ಲಿ ಯಾರೇ ಬರಲಿ, ಮೊದಲು ಅಂಗಳದಲ್ಲಿ ಕಾಲಿಗೆ ನೀರು. ಒಳಗೆ ಬಂದು ಕೂತ ಮೇಲೆ ತಟ್ಟೆಯಲ್ಲಿ ಬೆಲ್ಲದ ಚೂರು, ತಂಬಿಗೆಯಲ್ಲಿ ನೀರು, ಒಂದು ಲೋಟ. ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದರೆ ನಡೆದು ಬಂದ ಸುಸ್ತು ಅಷ್ಟಕ್ಕೇ ಇಳಿಯುತ್ತದೆ. ಬಂದವರ ಹೆಸರು, ಕೆಲಸ, ಎಷ್ಟು ದಿನ ಇರುತ್ತಾರೆ ಎಲ್ಲ ಕೇಳುವುದು ಆಮೇಲೆ. ಆಮೇಲೆಯೇ 'ಆಸರಿಗೆ ಎಂತ ಬೇಕು?' ಅನ್ನುವ ಪ್ರಶ್ನೆ, ಮಜ್ಜಿಗೆಯೋ ಕಷಾಯವೋ ಚಹಾವೋ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲೂ ಇದೇ ಬೆಲ್ಲ, ಇದೇ ನೀರು. ಬೀದಿಗೂ ಇದೇ ರೀತಿ ಇತ್ತು. ಬೇಸಿಗೆಯಲ್ಲಿ ಮರದ ನೆರಳಿಗೆ ಮಣ್ಣಿನ ಹರವಿ ಇಟ್ಟು, ಒದ್ದೆ ಬಟ್ಟೆ ಸುತ್ತಿ, ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆ. ಅದಕ್ಕಾಗಿ ಭೂಮಿ, ದತ್ತಿ ಬಿಟ್ಟವರ ಮಾತು ನಮ್ಮ ಹಳೆಯ ಶಾಸನಗಳಲ್ಲೂ ಬರುತ್ತದೆ. ವಾಲೆಸ್ ಪ್ಯಾರಿಸ್‌ನಲ್ಲಿ ಮಾಡಿದ್ದೂ ಇದೇ ಅಲ್ವಾ? ಕರಾವಳಿಯಿಂದ ಗಲ್ಫಿಗೆ ಹೋದವರು ಹೇಳುತ್ತಾರೆ, ಅಲ್ಲಿ ಎಷ್ಟೋ ಮನೆಗಳವರು ಕಾಂಪೌಂಡಿನ ಹೊರಗೆ ತಣ್ಣೀರಿನ ನಲ್ಲಿ ಇಟ್ಟಿರುತ್ತಾರೆ, ಬಿಸಿಲಿನಲ್ಲಿ ಕೆಲಸ ಮಾಡುವವರು ಬಂದು ಕುಡಿಯಲಿ ಅಂತ.

ನಮ್ಮಲ್ಲಿ ಎತ್ತಿ ಕುಡಿಯುವ ರೂಢಿ ಇದೆ. ತುಟಿಗೆ ತಾಗಿಸದೆ ಕುಡಿದರೆ ಒಂದೇ ತಂಬಿಗೆ ಇಡೀ ಪಂಕ್ತಿಗೆ ಸಾಕು. ಆಫೀಸಿನಲ್ಲಿ ನಾನು ಬಾಟಲು ಎತ್ತಿ ಕುಡಿಯುವುದನ್ನು ಕಂಡು ಅರ್ಜೆಂಟೀನಾದ ಒಬ್ಬರು ಬೆರಗಾದರು. ಅವರ ದೇಶದಲ್ಲಿ ಮಾತೆ ಎಂಬ ಎಲೆಯ ಕಷಾಯವನ್ನು ಒಂದೇ ಸೋರೆ ಬುರುಡೆಯಿಂದ, ಒಂದೇ ಲೋಹದ ಕೊಳವೆಯಿಂದ ಸುತ್ತ ಕೂತವರೆಲ್ಲ ಸರದಿಯಲ್ಲಿ ಹೀರುತ್ತಾರೆ. ಸಾಕು ಅನ್ನಿಸಿದವರು ವಾಪಸು ಕೊಡುವಾಗ 'ಧನ್ಯವಾದ' ಅನ್ನಬೇಕು. ಅಲ್ಲಿಯವರೆಗೆ ಸರದಿ ಬರುತ್ತಲೇ ಇರುತ್ತದೆ. ನಮಗೆ ಎಂಜಲಾದದ್ದು ಅವರಿಗೆ ಸಲುಗೆ.

ಎಂಜಲಿನ ಮಾತು ತೆಗೆದ ಮೇಲೆ ಮುಂದಿನದ್ದನ್ನೂ ಹೇಳಲೇಬೇಕು. ಅಜ್ಜಿ ಮನೆಯ ಬೆಲ್ಲದ ತಟ್ಟೆ ಎಲ್ಲರಿಗೂ ಬರುತ್ತಿರಲಿಲ್ಲ. ಅಡಿಕೆ ತೋಟದ ಕೆಲಸಕ್ಕೆ ಬರುವ ಕೆಲವರಿಗೆ ನೀರು ಕೊಟ್ಟಿಗೆಯ ಪಕ್ಕದಲ್ಲಿ. ಅವರ ಲೋಟಗಳು ಅಲ್ಲೇ ಗೂಡಿನಲ್ಲಿ ಇರುತ್ತಿದ್ದವು. ಮೇಲಿನಿಂದ ಸುರಿಯುತ್ತಿದ್ದರು. ಕುಡಿದವರೇ ತೊಳೆದು ಇಡಬೇಕು. ಚಿಕ್ಕವಳಿದ್ದಾಗ ಅದು ಹಾಗೇ ಇರುವುದು ಅಂದುಕೊಂಡು ನೋಡಿದ್ದೆ, ಈಗ ನೆನಪಾದರೆ ಮೈ ಉರಿಯುತ್ತದೆ. ಎಷ್ಟೋ ಊರಿನ ಚಹಾದಂಗಡಿಗಳಲ್ಲಿ ಎರಡು ಬಗೆಯ ಲೋಟ, ಕೆಲವು ಕಡೆ ತೆಂಗಿನ ಚಿಪ್ಪು. 1927ರ ಮಾರ್ಚ್ 20ರಂದು ಈಗಿನ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಸಾವಿರಾರು ಜನರೊಡನೆ ನಡೆದು ಹೋಗಿ ಚವದಾರ್ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಊರಿನ ಕೆರೆಯಿಂದ ಒಂದು ಬೊಗಸೆ ನೀರು ಕುಡಿಯಲು ಸತ್ಯಾಗ್ರಹ ಮಾಡಬೇಕಾಯಿತು. ನಮ್ಮ ಸಂವಿಧಾನದ 15ನೇ ವಿಧಿ ಓದಿದರೆ ಅಂಗಡಿ, ಹೋಟೆಲು, ಬಾವಿ, ಕೆರೆ ಎಲ್ಲವೂ ಒಂದೇ ಉಪವಿಧಿಯಲ್ಲಿ ಬರುತ್ತವೆ. ಅವುಗಳಿಂದ ಯಾರನ್ನೂ ಜಾತಿಯ ಕಾರಣಕ್ಕೆ ದೂರ ಇಡುವಂತಿಲ್ಲ. ಲೋಟ ತುಂಬಾ ಐಸು ಕೊಡುವ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲೂ ಬಿಳಿಯರಿಗೆ ಒಂದು ನಲ್ಲಿ, ಕರಿಯರಿಗೆ ಇನ್ನೊಂದು ಇತ್ತು. ಅದಕ್ಕೆ ಕೊನೆ ಹಾಡಲು 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರಬೇಕಾಯಿತು.

ಹೋಟೆಲಿನ ಆ ಸ್ಟೀಲ್ ಲೋಟ ನನಗೆ ದೊಡ್ಡದು ಅನ್ನಿಸುವುದು ಈ ಕಾರಣಕ್ಕೆ. ಯಾರು ಕೂತರೂ ಅದೇ ಲೋಟ, ಅದೇ ನೀರು. ಮನೆಯೊಳಗೆ ಆಗದೇ ಇದ್ದದ್ದು ಹೋಟೆಲಿನ ಮೇಜಿನ ಮೇಲೆ ಆಗಬೇಕಾದರೆ ಬಹಳ ಜನ ಬಹಳ ಕಾಲ ಹೋರಾಡಿದ್ದಾರೆ. ಹಾಗೆ ಸಿಕ್ಕಿದ್ದನ್ನು ನಾವೀಗ ಬಾಟಲಿಗೆ ಬಿಟ್ಟುಕೊಡುತ್ತಿದ್ದೇವೆ.

ಬೆಂಗಳೂರಿನ ಕೊಂಚ ದೊಡ್ಡ ಹೋಟೆಲಿಗೆ ಹೋಗಿ. ಮೊದಲು ಬರುವುದು ಪ್ರಶ್ನೆ. 'ಮಿನರಲ್ ವಾಟರಾ, ರೆಗ್ಯುಲರಾ?' ಕೆಲವು ಕಡೆ ಪ್ರಶ್ನೆಯೂ ಇಲ್ಲ, ಬಾಟಲು ಮೊದಲೇ ಮೇಜಿನ ಮೇಲಿರುತ್ತದೆ. ರೆಗ್ಯುಲರ್ ಅನ್ನಲು ಜನ ಹಿಂಜರಿಯುತ್ತಾರೆ, ಅದರಲ್ಲೂ ನೆಂಟರನ್ನು ಕರೆದುಕೊಂಡು ಹೋದಾಗ. ಮದುವೆ ಮನೆಗಳಲ್ಲೂ ಇದೇ. ಜಗ್ಗು ಹಿಡಿದು 'ನೀರು, ನೀರು' ಅಂತ ಓಡಾಡುತ್ತಿದ್ದ ಹುಡುಗರು ಈಗಿಲ್ಲ. ಬಾಳೆ ಎಲೆ ಹಾಕುವ ಮೊದಲೇ ಪುಟ್ಟ ಪ್ಲಾಸ್ಟಿಕ್ ಬಾಟಲು. ಅರ್ಧ ಕುಡಿದ ಬಾಟಲು ಎಲೆಯ ಜೊತೆ ಕಸಕ್ಕೆ ಹೋಗುತ್ತದೆ. ಜರ್ಮನಿಯಂತೆ ತೊಳೆದು ಮತ್ತೆ ತುಂಬಿಸುವ ಏರ್ಪಾಡು ನಮ್ಮಲ್ಲಿಲ್ಲ. ನಾವು ಅವರಿಂದ ತೆಗೆದುಕೊಂಡದ್ದು ಬೆಲೆಯನ್ನು ಮಾತ್ರ.

ಜನರ ಭಯ ಸುಳ್ಳು ಅಂತ ನಾನು ಹೇಳುವುದಿಲ್ಲ. ಬೆಂಗಳೂರಿಗೆ 1896ರಲ್ಲಿ ಹೆಸರಘಟ್ಟದ ನೀರು ಬಂತು, 1974ರಲ್ಲಿ ಕಾವೇರಿ. ಸುಮಾರು 100 ಕಿಲೋಮೀಟರ್ ದೂರದಿಂದ, ವಿಯೆನ್ನಾದ ಹಾಗೆಯೇ. ಆದರೆ ಅಲ್ಲಿ ನೀರು ಇಳಿದು ಬಂದರೆ ಇಲ್ಲಿ ಪಂಪು ಹಚ್ಚಿ ಬೆಟ್ಟದೆತ್ತರಕ್ಕೆ ಏರಿಸಬೇಕು. ಅದೂ ಎಲ್ಲರಿಗೂ ಸಾಲುವುದಿಲ್ಲ. ಬಾಕಿ ಎಲ್ಲ ಬೋರ್‌ವೆಲ್, ಟ್ಯಾಂಕರ್. 2024ರ ಬೇಸಿಗೆ ಯಾರಿಗೂ ಮರೆತಿಲ್ಲ. ಕೋಲಾರ, ಪಾವಗಡದ ಕಡೆ ಬೋರ್‌ವೆಲ್ ಆಳಕ್ಕೆ ಹೋದಷ್ಟೂ ಫ್ಲೋರೈಡ್ ಸಮಸ್ಯೆ. ಹಲ್ಲಿನ ಮೇಲೆ ಅದರ ಕಲೆ ಕಾಣುತ್ತದೆ. ಹೋಟೆಲಿನ ಲೋಟದಲ್ಲಿ ಇರುವುದು ಯಾವ ನೀರು ಅಂತ ಗೊತ್ತಾಗದೇ ಇದ್ದಾಗ ಮಗುವಿನ ಕೈಗೆ ಬಾಟಲು ಕೊಡುವ ತಾಯಿಯನ್ನು ನಾನು ಯಾವ ಬಾಯಲ್ಲಿ ತಪ್ಪು ಅನ್ನಲಿ?

ನಮ್ಮ ಏರಿಯಾದ ಹೋಟೆಲಿನ ಯಜಮಾನರ ಹತ್ತಿರ ಈ ಮಾತು ತೆಗೆದೆ. ಅವರಿಗೂ ಬೇಜಾರಿದೆ. "ಫಿಲ್ಟರಿಗೆ ಅಷ್ಟು ದುಡ್ಡು ಹಾಕಿದೀನಿ ಅಮ್ಮಾ, ನಾನೂ ಅದೇ ನೀರು ಕುಡಿಯೋದು. ಗಿರಾಕಿ ಲೋಟ ಪಕ್ಕಕ್ಕೆ ಸರಿಸಿ ಬಾಟಲ್ ಕೇಳ್ತಾರೆ. ನಾನೇನು ಮಾಡ್ಲಿ?" ಅಂದರು. ಫಿಲ್ಟರ್ ಕೊನೆಯ ಬಾರಿ ಯಾವಾಗ ಬದಲಾಯಿಸಿದ್ದು ಅಂತ ಕೇಳಿದೆ. ಒಳಗಿಂದ ಒಂದು ರಸೀದಿ ತಂದು ತೋರಿಸಿದರು, ತಿಂಗಳಿನ್ನೂ ಆಗಿರಲಿಲ್ಲ. ಇದನ್ನು ಗೋಡೆ ಮೇಲೆ ಯಾಕೆ ಹಾಕಬಾರದು ಅಂದೆ. ಜರ್ಮನಿಯಲ್ಲಿ ನೀರು ಪೂರೈಸುವವರು ಪರೀಕ್ಷೆಯ ಲೆಕ್ಕವನ್ನು ಬಳಸುವವರಿಗೆ ತಿಳಿಸಲೇಬೇಕು. ಅಲ್ಲಿ ನಾನು ನಲ್ಲಿಗೆ ಲೋಟ ಹಿಡಿದದ್ದು ಅದನ್ನು ನೋಡಿಯೇ. ತಿಂಡಿಯ ದರಪಟ್ಟಿ ಹಾಕುವ ಬೋರ್ಡಿನಲ್ಲಿ ಇನ್ನೂ ಎರಡು ಸಾಲಿಗೆ ಜಾಗವಿದೆ. ನೀರು ಎಲ್ಲಿಂದ ಬಂದದ್ದು, ಫಿಲ್ಟರ್ ಯಾವತ್ತು ಬದಲಾಯಿಸಿದ್ದು. ಅಷ್ಟು ಬರೆದರೆ ಲೋಟ ಸರಿಸುವವರು ಕಡಿಮೆಯಾಗುತ್ತಾರೆ ಅನ್ನುವುದು ನನ್ನ ನಂಬಿಕೆ. ಬರೆಸುತ್ತೇನೆ ಅಂದಿದ್ದಾರೆ. ನಾಳೆ ಆ ಕಡೆ ಹೋಗುವುದಿದೆ, ಮತ್ತೆ ಕೇಳುತ್ತೇನೆ.